ಬೈಕಿನ ಬೋಲ್ಟ್ ಮತ್ತು ಸ್ಕ್ರೂ ತೊಂದರೆಗಳು: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಬೈಕು ಬರೀ ಸವಾರಿಯ ವಾಹನವಾಗಿ ಉಳಿದಿಲ್ಲ. ಭದ್ರಾ ನಾಲೆಯ ಬಯಲಿನಲ್ಲಿ ಅದು ಗೊಬ್ಬರದ ಚೀಲ, ಹಾಲಿನ ಕ್ಯಾನು, ಹುಲ್ಲಿನ ಹೊರೆಗಳನ್ನು ಹೊರುತ್ತದೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಗಳಲ್ಲಿ ಕೆಂಪು ದೂಳಿನ ನಡುವೆ ಸಾಗುತ್ತದೆ. ಹೀಗೆ ದುಡಿಯುವ ಬೈಕಿನಲ್ಲಿ ಸಡಿಲವಾಗುವುದು, ತುಕ್ಕು ಹಿಡಿಯುವುದು, ಮುರಿಯುವುದು ಮೊದಲು ಜೋಡಣೆಗಳೇ. ಆದರೂ ರಿಪೇರಿಗೆ ಕೂತಾಗ ನಾವು ಸ್ಪ್ಯಾನರಿನ ಅಳತೆಯನ್ನು ನೋಡುತ್ತೇವೆಯೇ ಹೊರತು ಕೈಯಲ್ಲಿರುವ ಜೋಡಣೆ ಯಾವ ಬಗೆಯದು ಎಂಬುದನ್ನು ನೋಡುವುದಿಲ್ಲ.

ಅಂಗಡಿಯ ರೂಢಿಯಲ್ಲಿ ಆರು ಮೂಲೆಯ ತಲೆಯಿದ್ದರೆ ಬೋಲ್ಟ್, ತಲೆಯ ಮೇಲೆ ಪ್ಲಸ್ ಅಥವಾ ಮೈನಸ್ ಕಚ್ಚು ಇದ್ದರೆ ಸ್ಕ್ರೂ. ಕೊಳ್ಳುವುದಕ್ಕೆ ಈ ವಿಂಗಡಣೆ ಸಾಕು, ದೋಷ ಹುಡುಕುವುದಕ್ಕೆ ಸಾಲದು. ರಿಪೇರಿಯಲ್ಲಿ ಕೇಳಬೇಕಾದ ಪ್ರಶ್ನೆ, ಒಳಗಿನ ಥ್ರೆಡ್, ಅಂದರೆ ಸುರುಳಿಯಾಗಿ ಕೊರೆದ ಗೆರೆ, ಎಲ್ಲಿದೆ ಎಂಬುದು. ಎರಡು ಭಾಗಗಳನ್ನು ಹಾಯ್ದು ಹೊರಬಂದು, ಆಚೆ ಬದಿಯಲ್ಲಿ ನಟ್‌ನಿಂದ ಬಿಗಿಯಾಗುವುದು ಬೋಲ್ಟ್ ಜೋಡಣೆ. ಇಲ್ಲಿ ಥ್ರೆಡ್ ಹಾಳಾದರೆ ಹತ್ತಿಪ್ಪತ್ತು ರೂಪಾಯಿಯ ನಟ್ಟು, ಬೋಲ್ಟುಗಳನ್ನು ಬದಲಿಸಿದರೆ ಮುಗಿಯಿತು. ನಟ್ಟೇ ಇಲ್ಲದೆ, ಎಂಜಿನ್ ಕವಚ ಅಥವಾ ಕಾರ್ಬುರೇಟರಿನ ಮೈಯಲ್ಲೇ ಕೊರೆದ ಥ್ರೆಡ್‌ಗೆ ತಿರುಗಿ ಕೂರುವುದು ಸ್ಕ್ರೂ ಜೋಡಣೆ. ಇಲ್ಲಿ ಹಾಳಾಗುವುದು ಅಲ್ಯೂಮಿನಿಯಂ ಕವಚದ ಥ್ರೆಡ್, ಅದನ್ನು ಸರಿಪಡಿಸಲು ಲೇತ್ ಅಂಗಡಿಗೇ ಹೋಗಬೇಕು. ಕ್ಲಚ್ ಕವರಿನಲ್ಲಿರುವ ಆರು ಮೂಲೆಯ ಬೋಲ್ಟ್ ಕೂಡ ಈ ಲೆಕ್ಕದಲ್ಲಿ ಸ್ಕ್ರೂವೇ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ: ಬೋಲ್ಟನ್ನು ಬಲಿಕೊಡಬಹುದು, ಕವಚದ ಥ್ರೆಡ್ಡನ್ನು ಬಲಿಕೊಡಬಾರದು.

ಕೈ ಹಚ್ಚುವ ಮುನ್ನ

ಬೈಕನ್ನು ಸಮನಾದ ನೆಲದ ಮೇಲೆ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಸೈಡ್ ಸ್ಟ್ಯಾಂಡ್ ಮೇಲೆ ನಿಂತ ಗಾಡಿಯ ಬಿಗಿಯಾದ ಬೋಲ್ಟನ್ನು ಜಗ್ಗಿದರೆ ಗಾಡಿಯೇ ಮೈಮೇಲೆ ಬೀಳುವ ಅಪಾಯವಿದೆ. ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ತಣಿಯುವವರೆಗೆ ಕಾಯಬೇಕು. ಅದು ಕೈ ಸುಡದಿರಲೆಂದು ಮಾತ್ರವಲ್ಲ. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಬಿಸಿ ಎಂಜಿನ್ನಿನ ಬೋಲ್ಟು ತೋರಿಸುವ ಬಿಗಿತ ಅದರ ನಿಜವಾದ ಬಿಗಿತವಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಬಿಸಿ ಸೈಲೆನ್ಸರಿಗೆ ಸಿಂಪಡಿಸಿದರೆ ಬೆಂಕಿ ಹತ್ತಬಹುದು. ಅದೇ ಎಣ್ಣೆ ಬ್ರೇಕ್ ಡಿಸ್ಕಿಗೋ ಬ್ರೇಕ್ ಶೂಗೋ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಓಡಿಸುವಾಗ ಗಡಗಡ ಸದ್ದು, ಅಥವಾ ಮೊದಲಿಲ್ಲದ ನಡುಕ

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಗಾಡಿಯನ್ನು ತೊಳೆಯದೆ, ಇದ್ದ ಹಾಗೆಯೇ ಬೆಳಕಿನಲ್ಲಿಟ್ಟು ಪ್ರತಿ ಬೋಲ್ಟಿನ ತಲೆಯ ಸುತ್ತ ನೋಡಬೇಕು. ಬಿಗಿಯಾಗಿರುವ ತಲೆಯ ಅಂಚಿನಲ್ಲಿ ದೂಳು ಒಂದೇ ಸಮ ಕೂತಿರುತ್ತದೆ. ತಲೆಯ ಸುತ್ತ ಹೊಳೆಯುವ ಲೋಹದ ಉಂಗುರ ಕಂಡರೆ, ಅಥವಾ ಕುಂಕುಮದಷ್ಟು ನುಣ್ಣನೆಯ ಕೆಂಗಂದು ಪುಡಿ ಉದುರಿದ್ದರೆ, ಅಲ್ಲಿ ಎರಡು ಭಾಗಗಳು ಒಂದಕ್ಕೊಂದು ಉಜ್ಜುತ್ತಿವೆ ಎಂದರ್ಥ. ಚಿತ್ರದುರ್ಗದ ಕಡೆಯ ರಸ್ತೆಯ ದೂಳೂ ಕೆಂಪಾದ್ದರಿಂದ ಬಟ್ಟೆಯಿಂದ ಒಮ್ಮೆ ಒರೆಸಿ, ಒಂದೆರಡು ದಿನ ಓಡಿಸಿ ಮತ್ತೆ ನೋಡುವುದು ಒಳ್ಳೆಯದು. ಉಜ್ಜಾಟದ ಪುಡಿ ಅದೇ ಜಾಗದಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ.

ಬೋಲ್ಟ್ ಜೋಡಣೆ ಭಾರ ಹೊರುವ ಬಗೆಯನ್ನು ಹಲವರು ತಪ್ಪಾಗಿ ಊಹಿಸುತ್ತಾರೆ. ನಟ್ಟನ್ನು ಬಿಗಿಸಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ, ಎರಡೂ ಭಾಗಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಭಾರವನ್ನು ತಡೆಯುವುದು ಆ ಅದುಮಿನಿಂದ ಹುಟ್ಟುವ ಘರ್ಷಣೆ. ಜೋಡಣೆ ಸಡಿಲವಾದ ದಿನದಿಂದ ಪ್ರತಿ ಗುಂಡಿಯ ಪೆಟ್ಟೂ ನೇರವಾಗಿ ಬೋಲ್ಟಿನ ಮೈಮೇಲೆ ಬೀಳುತ್ತದೆ, ಅದು ಸ್ವಲ್ಪ ಸ್ವಲ್ಪವೇ ಬಾಗಿ ಬಾಗಿ ಒಂದು ದಿನ ಮುರಿಯುತ್ತದೆ. ಹಿಂದಿನ ಕ್ಯಾರಿಯರ್, ಫುಟ್‌ರೆಸ್ಟ್, ಲೆಗ್ ಗಾರ್ಡ್, ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಬೋಲ್ಟುಗಳನ್ನು ಈ ಕಾರಣಕ್ಕೆ ಮೊದಲು ನೋಡಬೇಕು.

ಎರಡನೆಯ ಪರೀಕ್ಷೆ ಸ್ಪ್ಯಾನರಿನದು. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಹಾಕಿ ಬಿಗಿಸುವ ದಿಕ್ಕಿಗೆ ನಿಧಾನವಾಗಿ ಒತ್ತಿ ನೋಡಬೇಕು. ಮಿಸುಕದಿದ್ದರೆ ಅಲ್ಲಿಗೇ ಬಿಡಬೇಕು. ಮಿಸುಕಿದರೆ ಆಚೆ ಬದಿಯ ನಟ್ಟು ಜೊತೆಗೆ ತಿರುಗುತ್ತಿದೆಯೇ ಎಂದು ಕೈಯಿಟ್ಟು ನೋಡಬೇಕು. ನಟ್ಟು ತಿರುಗುತ್ತಿದ್ದರೆ ನೀವು ಏನನ್ನೂ ಬಿಗಿಸುತ್ತಿಲ್ಲ, ಎರಡು ಸ್ಪ್ಯಾನರ್ ಬೇಕು.

ವೇಗ ಹೆಚ್ಚಿಸುವಾಗ ಎಂಜಿನ್ ಮುಂಭಾಗದಿಂದ ಪಟಪಟ ಸದ್ದು ಬಂದರೆ ಸೈಲೆನ್ಸರ್ ಪೈಪನ್ನು ಹೆಡ್ಡಿಗೆ ಹಿಡಿದಿಡುವ ನಟ್ಟುಗಳು ಸಡಿಲವಾಗಿವೆ ಅಥವಾ ಅಲ್ಲಿಯ ಪ್ಯಾಕಿಂಗ್ ಸುಟ್ಟಿದೆ ಎಂದು ಅನುಮಾನಿಸಬೇಕು. ಅಲ್ಲಿರುವುದು ಸಾಮಾನ್ಯವಾಗಿ ಸ್ಟಡ್: ಒಂದು ತುದಿ ಎಂಜಿನ್ ಹೆಡ್ಡಿನೊಳಗೆ, ಇನ್ನೊಂದು ತುದಿಗೆ ನಟ್ಟು. ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿದ್ದಾಗ ಬಲವಂತ ಮಾಡಿದರೆ ಸ್ಟಡ್ ಹೆಡ್ಡಿನ ಮಟ್ಟಕ್ಕೇ ಮುರಿಯುತ್ತದೆ. ತಣ್ಣಗಿರುವಾಗ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವ ತಾಳ್ಮೆ ಇಲ್ಲಿ ಹೆಡ್ಡನ್ನು ಉಳಿಸುತ್ತದೆ.

ಬಿಗಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಸಡಿಲ

ಹೀಗಾದಾಗ ಇನ್ನಷ್ಟು ಬಲವಾಗಿ ಬಿಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬಹಳ ಸಲ ಅದೇ ದೋಷವನ್ನು ದೊಡ್ಡದು ಮಾಡುತ್ತದೆ. ಮೊದಲು ಬೋಲ್ಟಿನ ತಲೆಯ ಮೇಲೂ ನಟ್ಟಿನ ಮೇಲೂ, ಪಕ್ಕದ ಲೋಹಕ್ಕೂ ಹರಿಯುವಂತೆ ಉಗುರು ಬಣ್ಣದಿಂದ ಒಂದೊಂದು ಗೆರೆ ಎಳೆಯಬೇಕು. ಕೆಲವು ದಿನ ಓಡಿಸಿದ ಮೇಲೆ ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ. ಗೆರೆ ನೇರವಾಗಿದ್ದೂ ಜೋಡಣೆ ಸಡಿಲವಾಗಿದ್ದರೆ ನಟ್ಟಿನ ತಪ್ಪಿಲ್ಲ. ನಡುವಿನ ದಪ್ಪ ಬಣ್ಣ, ರಬ್ಬರ್ ಬುಷ್ ಅಥವಾ ತೆಳು ವಾಷರ್ ಅದುಮಿ ಕುಗ್ಗಿದೆ, ಇಲ್ಲವೇ ಬೋಲ್ಟೇ ಮರಳಿ ಮೊದಲಿನ ಉದ್ದಕ್ಕೆ ಬಾರದಷ್ಟು ಹಿಗ್ಗಿದೆ.

ತಿರುಗಿದ್ದು ನೈಲಾಕ್ ನಟ್ಟಾದರೆ, ಸಡಿಲವಾಗದಂತೆ ಅದರೊಳಗೆ ಕೂರಿಸಿರುವ ನೈಲಾನ್ ಉಂಗುರವನ್ನು ನೋಡಬೇಕು. ಆ ನಟ್ಟನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಲು ಸಾಧ್ಯವಾದರೆ ಅದರ ಹಿಡಿತ ಮುಗಿದಿದೆ, ಹೊಸದು ಹಾಕಬೇಕು. ಬಿಗಿಸಿದ ಮೇಲೆ ಬೋಲ್ಟಿನ ತುದಿ ನಟ್ಟಿನಿಂದ ಕನಿಷ್ಠ ಎರಡು ಥ್ರೆಡ್ಡಿನಷ್ಟು ಹೊರಗೆ ಕಾಣಬೇಕು. ಒಳಗೇ ಉಳಿದಿದ್ದರೆ ಬೋಲ್ಟು ಗಿಡ್ಡ. ನಟ್ಟಿಲ್ಲದ ಸ್ಕ್ರೂ ಜೋಡಣೆಯಲ್ಲಿ ಥ್ರೆಡ್ಡಿನ ಎಣ್ಣೆಯನ್ನು ಪೂರ್ತಿ ಒರೆಸಿ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್ ಲಾಕರ್, ನೀಲಿ ಬಣ್ಣದ್ದು, ಒಂದು ತೊಟ್ಟು ಹಾಕಬಹುದು. ಕೆಂಪು ಬಣ್ಣದ್ದನ್ನು ಚಿಕ್ಕ ಸ್ಕ್ರೂಗಳಿಗೆ ಹಾಕಬಾರದು. ಅದನ್ನು ಬಿಚ್ಚಲು ಚೆನ್ನಾಗಿ ಕಾಯಿಸಬೇಕಾಗುತ್ತದೆ.

ಬೋಲ್ಟು ಹಿಗ್ಗಿದೆಯೇ ಎಂದು ತಿಳಿಯಲು ಅದೇ ಅಳತೆಯ ಹೊಸ ಬೋಲ್ಟನ್ನು ಪಕ್ಕದಲ್ಲಿಟ್ಟು, ಥ್ರೆಡ್ಡುಗಳನ್ನು ಒಂದರೊಳಗೊಂದು ಕೂರಿಸಿ ಬೆಳಕಿಗೆ ಹಿಡಿಯಬೇಕು. ಎಲ್ಲಾದರೂ ಸಂದು ಬಿಟ್ಟರೆ, ಅಥವಾ ನಡುವೆ ಸೊಂಟದಂತೆ ಸಣಕಲಾಗಿದ್ದರೆ, ಅದನ್ನು ಮತ್ತೆ ಹಾಕಬಾರದು. ಆಗ ತಲೆಯ ಮೇಲಿನ ಅಂಕಿಯನ್ನೂ ಓದಬೇಕು. 8.8 ಎಂದಿದ್ದರೆ ಮೊದಲ ಅಂಕಿಯನ್ನು ನೂರರಿಂದ ಗುಣಿಸಿದಾಗ ಬರುವ 800 ಮೆಗಾಪಾಸ್ಕಲ್ ಅದರ ಎಳೆತದ ಬಲ, ಅದರ ಹತ್ತರಲ್ಲಿ ಎಂಟರಷ್ಟಾದ 640ರವರೆಗೆ ಎಳೆದರೂ ಅದು ಮರಳಿ ಮೊದಲಿನ ಉದ್ದಕ್ಕೆ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ, ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟನ್ನು ನಂಬರ್ ಪ್ಲೇಟಿಗೆ ಹಾಕಬಹುದು, ಫುಟ್‌ರೆಸ್ಟಿಗೆ ಹಾಕಬಾರದು. ತುಕ್ಕು ಹಿಡಿಯದೆಂದು ಸ್ಟೇನ್‌ಲೆಸ್ ಸ್ಟೀಲಿನದನ್ನು ಆರಿಸುವವರು ಒಂದು ಸಂಗತಿ ತಿಳಿದಿರಬೇಕು: ಎ2-70 ಗುರುತಿನ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು 8.8ಕ್ಕಿಂತ ದುರ್ಬಲ, ಜೊತೆಗೆ ತೇವವಿದ್ದಲ್ಲಿ ಅದು ತನ್ನನ್ನು ಹಿಡಿದಿರುವ ಅಲ್ಯೂಮಿನಿಯಮ್ಮನ್ನು ಸವೆಸುತ್ತದೆ. ಪೊಟ್ಯಾಷ್ ಗೊಬ್ಬರ ಸಾಗಿಸುವ ಗಾಡಿಗಳಲ್ಲಿ ಉಪ್ಪಿನ ಅಂಶ ಸೇರಿ ಈ ಸವೆತ ಇನ್ನೂ ಬೇಗ ಆಗುತ್ತದೆ. ಗೊಬ್ಬರ ಹೊತ್ತ ದಿನವೇ ಕ್ಯಾರಿಯರನ್ನು ಸಾದಾ ನೀರಿನಿಂದ ತೊಳೆದರೆ ಬೋಲ್ಟುಗಳ ಬಾಳಿಕೆ ಹೆಚ್ಚುತ್ತದೆ.

ಸ್ಕ್ರೂಡ್ರೈವರ್ ಜಾರುತ್ತಿದೆ, ತಲೆಯ ಕಚ್ಚು ಸವೆಯುತ್ತಿದೆ

ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ, ಕಾರ್ಬುರೇಟರ್ ಬೌಲ್, ಹಳೆಯ ಬೈಕುಗಳ ಎಂಜಿನ್ ಕವರ್, ಈ ಮೂರು ಕಡೆ ಈ ತೊಂದರೆ ಹೆಚ್ಚು. ಡ್ರೈವರ್ ಮೊದಲ ಸಲ ಜಾರಿದ ಕೂಡಲೇ ನಿಲ್ಲಿಸಬೇಕು. ಎರಡನೆಯ, ಮೂರನೆಯ ಜಾರಾಟಕ್ಕೆ ಕಚ್ಚು ದುಂಡಗಾಗಿಬಿಡುತ್ತದೆ.

ಮೊದಲು ಸೂಜಿ ಅಥವಾ ಪಿನ್ನಿನಿಂದ ಕಚ್ಚಿನೊಳಗಿನ ದೂಳು, ಬಣ್ಣವನ್ನು ಕೆದಕಿ ತೆಗೆಯಬೇಕು. ದೂಳು ಗಟ್ಟಿಯಾಗಿ ತುಂಬಿದ್ದರೆ ಡ್ರೈವರ್ ತುದಿ ಅರ್ಧಕ್ಕೇ ನಿಲ್ಲುತ್ತದೆ, ನಮಗೆ ಅದು ಪೂರ್ತಿ ಕೂತಂತೆ ಅನಿಸುತ್ತದೆ. ಬಳಿಕ ಡ್ರೈವರನ್ನು ನೋಡಬೇಕು. ಜಪಾನಿ ವಿನ್ಯಾಸದ ಬೈಕುಗಳ ಪ್ಲಸ್ ಸ್ಕ್ರೂಗಳು ಜೆಐಎಸ್ ಎಂಬ ಜಪಾನಿ ಮಾನಕದವು. ಅನೇಕದರ ತಲೆಯ ಮೇಲೆ ಚಿಕ್ಕ ಚುಕ್ಕೆಯ ಗುರುತಿರುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಫಿಲಿಪ್ಸ್ ಡ್ರೈವರ್ ಇದಕ್ಕೆ ಹೊಂದಿದಂತೆ ಕಂಡರೂ ತಳದವರೆಗೆ ಇಳಿಯುವುದಿಲ್ಲ, ಬಲ ಹಾಕಿದಾಗ ಮೇಲಕ್ಕೆ ಎದ್ದು ಜಾರುತ್ತದೆ. ಎರಡನೆಯ ನಂಬರಿನ ಒಂದು ಜೆಐಎಸ್ ಡ್ರೈವರ್ ಕೊಂಡರೆ ಬೈಕಿನ ಬಹುತೇಕ ಪ್ಲಸ್ ಸ್ಕ್ರೂಗಳಿಗೆ ಸಾಕಾಗುತ್ತದೆ. ಬೈಕನ್ನು ತಾವೇ ಬಿಚ್ಚಿ ಕಟ್ಟುವವರು ಮೊದಲು ಕೊಳ್ಳಬೇಕಾದ ಸಾಮಾನು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಸರಿಯಾದ ಡ್ರೈವರ್ ಕೂತ ಮೇಲೂ ಬರದಿದ್ದರೆ ಎಣ್ಣೆ ಬಿಟ್ಟು, ಡ್ರೈವರನ್ನು ನೇರವಾಗಿ ಹಿಡಿದು ಅದರ ಹಿಂದಕ್ಕೆ ಸುತ್ತಿಗೆಯಿಂದ ಎರಡು ಮೂರು ಹದವಾದ ಪೆಟ್ಟು ಕೊಡಬೇಕು. ಥ್ರೆಡ್ಡಿನ ತುಕ್ಕು ಬಿರುಕು ಬಿಡುವುದು ಈ ಪೆಟ್ಟಿಗೆ. ಆಮೇಲೆ ಮೊದಲು ಬಿಗಿಸುವ ದಿಕ್ಕಿಗೆ ಎಳ್ಳಷ್ಟು ತಿರುಗಿಸಿ, ನಂತರ ಬಿಚ್ಚುವ ದಿಕ್ಕಿಗೆ ತಿರುಗಿಸಬೇಕು. ಕಚ್ಚು ಸ್ವಲ್ಪ ಸವೆದಿದ್ದರೆ ವಾಲ್ವ್ ಉಜ್ಜುವ ಪೇಸ್ಟನ್ನು ಡ್ರೈವರ್ ತುದಿಗೆ ಹಚ್ಚಿದರೆ ಹಿಡಿತ ಸಿಗುತ್ತದೆ. ಇದರ ಮುಂದಿನ ಮೆಟ್ಟಿಲು, ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಅದನ್ನು ಎಂಜಿನ್ ಕವರಿಗೆ ಬಳಸಬಹುದು. ಕಾರ್ಬುರೇಟರಿಗೂ ಬ್ರೇಕ್ ಮಾಸ್ಟರ್ ಸಿಲಿಂಡರಿಗೂ ಬಳಸಬಾರದು, ಅವುಗಳ ಮೈ ಒಡೆಯುತ್ತದೆ.

ಇಷ್ಟಕ್ಕೂ ಬಗ್ಗದ ಎಂಜಿನ್ ಕವರ್ ಸ್ಕ್ರೂವಿನ ತಲೆಯನ್ನು ಡ್ರಿಲ್ ಮಾಡಿ ಹಾರಿಸುವುದು ಕೊನೆಯ ದಾರಿ. ಕೇಳಲು ಭಯವೆನಿಸಿದರೂ ಇದು ನಂಬಬಹುದಾದ ಕ್ರಮ. ತಲೆ ಹೋದೊಡನೆ ಎಳೆತ ಇಲ್ಲವಾಗುತ್ತದೆ, ಕವರನ್ನು ತೆಗೆದಾಗ ಕವಚದಿಂದ ಹೊರಗೆ ಚಾಚಿದ ತುಂಡು ಉಳಿಯುತ್ತದೆ, ಸಾಮಾನ್ಯವಾಗಿ ಅದು ಪ್ಲೈಯರ್ ಹಿಡಿತಕ್ಕೇ ತಿರುಗಿ ಬರುತ್ತದೆ. ಡ್ರಿಲ್ ಮಾಡುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು, ಲೋಹದ ಚೂರು ಎಂಜಿನ್ನಿನೊಳಗೆ ಬೀಳಬಾರದು.

ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ

ನಟ್ಟಿರುವ ಜೋಡಣೆಯಾದರೆ ಇದಕ್ಕೆ ಹೆದರಬೇಕಿಲ್ಲ. ನಟ್ಟು ಜೊತೆಗೇ ತಿರುಗುತ್ತಿರಬಹುದು, ಇಲ್ಲವೇ ನಟ್ಟಿನ ಥ್ರೆಡ್ ಹೋಗಿರಬಹುದು. ಫ್ರೇಮಿನೊಳಗೆ ಬೆಸುಗೆ ಹಾಕಿದ ನಟ್ಟು ಕಿತ್ತುಕೊಂಡು ತಿರುಗುತ್ತಿದ್ದರೆ ಮಾತ್ರ ವೆಲ್ಡಿಂಗ್ ಕೆಲಸ ಬೀಳುತ್ತದೆ. ಆಗ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪೆಟ್ರೋಲ್ ಟ್ಯಾಂಕನ್ನು ಗಾಡಿಯಿಂದ ಇಳಿಸಿ ದೂರ ಇಡದೆ ಕೆಲಸ ಶುರು ಮಾಡಿಸಬಾರದು.

ಕವಚದೊಳಗೆ ಕೂರುವ ಸ್ಕ್ರೂ ಹೀಗೆ ತಿರುಗಿದರೆ ಅಲ್ಲೇ ನಿಲ್ಲಿಸಿ. ತಲೆಯನ್ನು ಹೊರಕ್ಕೆ ಮೆಲ್ಲಗೆ ಎಳೆಯುತ್ತ ಬಿಚ್ಚಿ, ಹೊರಬಂದ ಮೇಲೆ ಅದರ ಥ್ರೆಡ್ಡನ್ನು ನೋಡಿ. ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಬೆಳ್ಳಿ ಬಣ್ಣದ ಎಳೆ ಅಂಟಿದ್ದರೆ ಅದು ಕವಚದ ಥ್ರೆಡ್, ಸ್ಕ್ರೂ ಅದನ್ನು ಕಿತ್ತು ತಂದಿದೆ. ಅಂಥ ಎಳೆ ಅಂಟಿರದೆ ಸ್ಕ್ರೂವಿನ ಥ್ರೆಡ್ಡೇ ಸವೆದಿದ್ದರೆ ಅದೃಷ್ಟ ಒಳ್ಳೆಯದಿದೆ, ಹೊಸ ಸ್ಕ್ರೂ ಸಾಕು.

ಕವಚದ ಥ್ರೆಡ್ ಹೋಗಿದ್ದರೂ ಲೇತ್ ಅಂಗಡಿಗೆ ಹೋಗುವ ಮೊದಲು ಒಂದು ಅಗ್ಗದ ಪರೀಕ್ಷೆ ಉಳಿದಿದೆ. ತೆಳು ತಂತಿಯನ್ನು ತೂತಿನೊಳಗೆ ಇಳಿಸಿ ಆಳವನ್ನು ಅಳೆದು, ಸ್ಕ್ರೂ ಒಳಹೋಗುವ ಉದ್ದದೊಂದಿಗೆ ಹೋಲಿಸಬೇಕು. ಎಷ್ಟೋ ತೂತುಗಳಲ್ಲಿ ಸ್ಕ್ರೂ ಮುಟ್ಟದ ಥ್ರೆಡ್ ತಳದಲ್ಲಿ ಇನ್ನೂ ಉಳಿದಿರುತ್ತದೆ. ಮೊದಲಿನದಕ್ಕಿಂತ ಐದು ಮಿಲಿಮೀಟರಿನಷ್ಟು ಹೆಚ್ಚು ಉದ್ದದ ಸ್ಕ್ರೂ ಅದನ್ನು ಹಿಡಿದರೆ ಕೆಲಸ ಆಗುತ್ತದೆ. ಆದರೆ ಅದು ತಳಕ್ಕೆ ತಾಗಬಾರದು. ಅಲ್ಯೂಮಿನಿಯಮ್ಮಿನಲ್ಲಿ ಸ್ಕ್ರೂವಿನ ವ್ಯಾಸದ ಒಂದೂವರೆ ಪಟ್ಟು ಉದ್ದವಾದರೂ ಥ್ರೆಡ್ ಹಿಡಿದಿರಬೇಕು, ಅಂದರೆ 6 ಮಿಲಿಮೀಟರ್ ಸ್ಕ್ರೂವಿಗೆ ಕನಿಷ್ಠ 9 ಮಿಲಿಮೀಟರ್.

ಅಷ್ಟು ಸಿಗದಿದ್ದರೆ ಹೆಲಿಕಾಯಿಲ್ ಹಾಕಿಸಬೇಕು. ತೂತನ್ನು ತುಸು ದೊಡ್ಡದು ಮಾಡಿ, ಅದಕ್ಕೆಂದೇ ಇರುವ ಟ್ಯಾಪ್ ಎಂಬ ಉಪಕರಣದಿಂದ ಥ್ರೆಡ್ ಕೊರೆದು, ಉಕ್ಕಿನ ಸುರುಳಿಯನ್ನು ಕೂರಿಸುವ ಈ ವಿಧಾನದಲ್ಲಿ ಮೊದಲಿನ ಅಳತೆಯ ಸ್ಕ್ರೂವನ್ನೇ ಹಾಕಬಹುದು, ಹಿಡಿತವೂ ಮೊದಲಿಗಿಂತ ಗಟ್ಟಿ. ಲೇತ್‌ಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಹರಿಹರ ದಾವಣಗೆರೆಗೆ ಕೂಗಳತೆಯ ದೂರದಲ್ಲಿದೆ. ಈ ಭಾಗದಲ್ಲಿ ಟ್ಯಾಪಿನ ಕೆಲಸ ಬಲ್ಲ ಕೈಗಳನ್ನು ಹುಡುಕಿಕೊಂಡು ಹೋಗುವುದು ವ್ಯರ್ಥವಾಗುವುದಿಲ್ಲ. ದಾರ ಸುತ್ತಿಯೋ ಅಂಟು ತುಂಬಿಯೋ ಸ್ಕ್ರೂವನ್ನು ಕೂರಿಸುವುದು ರಿಪೇರಿಯಲ್ಲ. ಎಂಜಿನ್ ತಳದಲ್ಲಿ ಆಯಿಲ್ ಬಸಿಯಲು ಇರುವ ಡ್ರೈನ್ ಬೋಲ್ಟಿಗೆ ಹಾಗೆ ಮಾಡಿದರೆ ಓಡುವಾಗಲೇ ಬೋಲ್ಟು ಕಳಚಿ, ಆಯಿಲ್ ಹಿಂಚಕ್ರದ ಮೇಲೆ ಸುರಿಯಬಹುದು.

ಈ ದೋಷ ಬಹುಪಾಲು ಅತಿಯಾಗಿ ಬಿಗಿಸುವುದರಿಂದಲೇ ಬರುತ್ತದೆ. ಬೈಕಿನ ಕೈಪಿಡಿಯ ಅಂಕಿಯೇ ಕೊನೆಯ ಮಾತು. ಕೈಪಿಡಿ ಸಿಗದಾಗ ಬಿಗಿಸುವ ಬಲದ ಸಾಮಾನ್ಯ ಅಂದಾಜು ಹೀಗಿದೆ: 5 ಮಿಲಿಮೀಟರ್ ಬೋಲ್ಟಿಗೆ 5 ನ್ಯೂಟನ್ ಮೀಟರ್, 6ಕ್ಕೆ 10, 8ಕ್ಕೆ 22, 10ಕ್ಕೆ 34. ಪ್ಲಸ್ ತಲೆಯ ಸ್ಕ್ರೂಗಳಿಗೆ ಇದಕ್ಕಿಂತ ತುಸು ಕಡಿಮೆ. 10 ನ್ಯೂಟನ್ ಮೀಟರ್ ಎಂದರೆ ಹತ್ತು ಸೆಂಟಿಮೀಟರ್ ದೂರದಲ್ಲಿ ಸುಮಾರು ಹತ್ತು ಕಿಲೋ ಒತ್ತಡ. ಉದ್ದದ ಸ್ಪ್ಯಾನರಿನ ತುದಿಯನ್ನು ಹಿಡಿದು ಮೈಭಾರ ಹಾಕಿದರೆ ಈ ಮಿತಿ ನಮಗೆ ಗೊತ್ತಾಗುವ ಮೊದಲೇ ದಾಟಿಹೋಗಿರುತ್ತದೆ. ಬಿಗಿಸುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದವರು 6 ಮಿಲಿಮೀಟರ್ ಬೋಲ್ಟುಗಳಿಗೆ ಗಿಡ್ಡ ಸ್ಪ್ಯಾನರನ್ನೇ ಬಳಸಬೇಕು.

ಎಂಜಿನ್ ಕೆಳಗೆ ಎಣ್ಣೆಯ ತೊಟ್ಟು

ಎಣ್ಣೆ ಬಿದ್ದ ಜಾಗವೇ ಸೋರುವ ಜಾಗವೆಂದು ತಿಳಿಯಬಾರದು, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳಿರುತ್ತದೆ. ಎಂಜಿನ್ ತಳವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನೋಡಬೇಕು. ಪೌಡರ್ ಮೊದಲು ಒದ್ದೆಯಾದ ಕಡೆ ದೋಷವಿದೆ.

ಡ್ರೈನ್ ಬೋಲ್ಟಿನ ಸುತ್ತ ಒದ್ದೆಯಾದರೆ ಅದರ ಕೆಳಗಿನ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರನ್ನು ಬದಲಿಸಬೇಕು. ಅದು ಅದುಮಿ ಚಪ್ಪಟೆಯಾಗಿ ಸಂದು ಮುಚ್ಚುವ ವಾಷರ್; ಒಮ್ಮೆ ಚಪ್ಪಟೆಯಾದ ಮೇಲೆ ಬೋಲ್ಟನ್ನು ಎಷ್ಟು ಬಿಗಿಸಿದರೂ ಸೋರಿಕೆ ನಿಲ್ಲುವ ಭರವಸೆಯಿಲ್ಲ, ಥ್ರೆಡ್ ಕೀಳುವ ಭಯ ಮಾತ್ರ ಹೆಚ್ಚು.

ಕವರಿನ ಅಂಚಿನಲ್ಲಿ ಒದ್ದೆಯಾದರೆ ಸ್ಕ್ರೂಗಳು ಅದಲುಬದಲಾಗಿವೆಯೇ ನೋಡಬೇಕು. ಒಂದೇ ಕವರಿನಲ್ಲಿ ಬೇರೆ ಬೇರೆ ಉದ್ದದ ಸ್ಕ್ರೂಗಳಿರುತ್ತವೆ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ತಿಳಿಯುತ್ತದೆ, ಕವರ್ ಮಾತ್ರ ಅದುಮಿರುವುದಿಲ್ಲ. ಇನ್ನೂ ಬಲ ಹಾಕಿದರೆ ಕವಚ ಸೀಳುತ್ತದೆ. ಗಿಡ್ಡದ್ದು ಆಳದ ತೂತಿಗೆ ಹೋದರೆ ಎರಡು ಮೂರು ಥ್ರೆಡ್ಡಿನ ಮೇಲೆ ಎಲ್ಲ ಭಾರ ಬಿದ್ದು ಅವು ಕಿತ್ತುಬರುತ್ತವೆ. ಬಿಚ್ಚುವಾಗಲೇ ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಸ್ಕ್ರೂಗಳನ್ನು ಸಿಕ್ಕಿಸಿಡುವುದು ಇದಕ್ಕೆ ಸರಳ ಪರಿಹಾರ. ಮರಳಿ ಹಾಕುವಾಗ ಎಲ್ಲ ಸ್ಕ್ರೂಗಳನ್ನೂ ಕೈಯಿಂದ ಕೂರಿಸಿದಾಗ ಅವುಗಳ ತಲೆ ಕವರಿನಿಂದ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಹೊರಗಿರಬೇಕು. ಬಳಿಕ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಸಬೇಕು. ತಳ ಮುಚ್ಚಿರುವ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಮೊದಲು ಬಟ್ಟೆಯ ಎಳೆಯಿಂದ ಹೀರಿ ತೆಗೆಯಬೇಕು. ದ್ರವ ಕುಗ್ಗುವುದಿಲ್ಲ, ಸ್ಕ್ರೂ ಒತ್ತಿದಾಗ ಅದು ಕವಚವನ್ನೇ ಒಡೆಯಬಲ್ಲದು.

ಹೊಸ ಬೋಲ್ಟು ಎರಡು ಸುತ್ತಿಗೇ ನಿಂತುಬಿಡುತ್ತದೆ

ಸ್ಪ್ಯಾನರ್ ಹಾಕುವ ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ಹೋಗದ ಬೋಲ್ಟನ್ನು ಬಲವಂತದಿಂದ ಕೂರಿಸಬಾರದು. ಓರೆಯಾಗಿ ಹತ್ತಿದೆಯೇ ನೋಡಲು ಹಿಮ್ಮುಖವಾಗಿ ತಿರುಗಿಸುತ್ತ, ಥ್ರೆಡ್ ಟಕ್ಕೆಂದು ಇಳಿದಾಗ ಮುಂದಕ್ಕೆ ತಿರುಗಿಸಬೇಕು. ಆಗಲೂ ನಿಂತರೆ ಥ್ರೆಡ್ಡಿನ ನಡುವಿನ ಅಂತರ ಬೇರೆಯಿರಬೇಕು. 10 ಮಿಲಿಮೀಟರ್ ಬೋಲ್ಟುಗಳಲ್ಲಿ ಅಂಗಡಿಯಲ್ಲಿ ಸಲೀಸಾಗಿ ಸಿಗುವುದು 1.5 ಮಿಲಿಮೀಟರ್ ಅಂತರದ್ದು, ಜಪಾನಿ ವಿನ್ಯಾಸದ ಬೈಕುಗಳಲ್ಲಿ ಹೆಚ್ಚಾಗಿ ಇರುವುದು 1.25ರದ್ದು. ಹಳೆಯ ಬುಲೆಟ್‌ಗಳಲ್ಲಿ ಇಂಗ್ಲಿಷ್ ಅಳತೆಯ ಥ್ರೆಡ್ಡುಗಳೂ ಇವೆ, ಅವಕ್ಕೆ ಮೆಟ್ರಿಕ್ ಬೋಲ್ಟು ಹೊಂದುವುದಿಲ್ಲ. ಯಮಹಾ ಬೈಕುಗಳ ಬಲಗಡೆಯ ಕನ್ನಡಿ ಎಡಥ್ರೆಡ್ಡಿನದು, ಅದನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಅಂಗಡಿಗೆ ಹೋಗುವಾಗ ಹಳೆಯ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿಯ ನಟ್ಟಿಗೆ ಹಾಕಿ ನೋಡಿಯೇ ಕೊಳ್ಳಬೇಕು.

ತಲೆ ಮುರಿದು ಕೈಗೆ ಬಂದಿದೆ

ಮುರಿದ ಮುಖವನ್ನು ಬೆಳಕಿನಲ್ಲಿ ನೋಡಬೇಕು. ಪೂರ್ತಿ ಹೊಸದಾಗಿ ಹೊಳೆಯುತ್ತಿದ್ದರೆ ಈಗ ಹಾಕಿದ ಬಲಕ್ಕೆ ಮುರಿದಿದೆ. ಒಂದು ಭಾಗ ಕಪ್ಪಾಗಿ, ತುಕ್ಕು ಹಿಡಿದು, ಉಳಿದದ್ದು ಹೊಳೆಯುತ್ತಿದ್ದರೆ ಬಿರುಕು ಬಹಳ ದಿನಗಳಿಂದ ಇತ್ತು, ಜೋಡಣೆ ಸಡಿಲವಾಗಿಯೇ ಓಡುತ್ತಿತ್ತು ಎಂದರ್ಥ. ಹಾಗಿದ್ದರೆ ಅದೇ ಭಾಗವನ್ನು ಹಿಡಿದಿರುವ ಉಳಿದ ಬೋಲ್ಟುಗಳನ್ನೂ ಬದಲಿಸಬೇಕು, ಅವೂ ಅಷ್ಟೇ ದಣಿದಿರುತ್ತವೆ.

ನಟ್ ಜೋಡಣೆಯಾದರೆ ತುಂಡನ್ನು ಹೊಡೆದು ತೆಗೆಯಬಹುದು. ಕವಚದೊಳಗೆ ಉಳಿದ ತುಂಡು ಹೊರಗೆ ಚಾಚಿದ್ದರೆ ಎಣ್ಣೆ ಬಿಟ್ಟು, ಕಾದು, ಪ್ಲೈಯರಿನಿಂದ ಪ್ರಯತ್ನಿಸಬಹುದು. ಮೇಲ್ಮಟ್ಟಕ್ಕೋ ಒಳಕ್ಕೋ ಮುರಿದಿದ್ದರೆ ಮನೆಯಲ್ಲಿ ಕೆಲಸ ನಿಲ್ಲಿಸಬೇಕು. ಮುರಿದ ತುಂಡನ್ನು ತೆಗೆಯುವ ಈಜಿ ಔಟ್ ಗಟ್ಟಿ ಉಕ್ಕಿನದು. ಅದು ತೂತಿನೊಳಗೆ ಮುರಿದರೆ ಡ್ರಿಲ್ ಕೂಡ ಅದನ್ನು ಕಡಿಯುವುದಿಲ್ಲ, ಆಮೇಲೆ ಲೇತಿನವರಿಗೂ ಕಷ್ಟ.

ಬ್ರೇಕ್ ಕ್ಯಾಲಿಪರ್, ಡಿಸ್ಕ್, ಚಕ್ರದ ಆಕ್ಸಲ್, ಹ್ಯಾಂಡಲ್ ಕ್ಲಾಂಪ್, ಸ್ವಿಂಗ್ ಆರ್ಮ್, ಹಿಂದಿನ ಚೈನ್ ಸ್ಪ್ರಾಕೆಟ್ ಇವುಗಳಲ್ಲಿ ಬೋಲ್ಟು ಮುರಿದರೆ ಅಥವಾ ಥ್ರೆಡ್ ಜಾರಿದರೆ ಆ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಾರದು, ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋಗಬೇಕು. ಆಕ್ಸಲ್ ನಟ್ಟಿನ ಸ್ಪ್ಲಿಟ್ ಪಿನ್ ಮುರಿದಿದ್ದರೆ ತಂತಿ ಸುತ್ತಿ ಬಿಡಬಾರದು. ಮೆಕ್ಯಾನಿಕ್ ಅಣ್ಣನ ಬಳಿ ಹೋಗುವಾಗ ಮುರಿದ ಎರಡೂ ತುಂಡು, ತಲೆಯ ಮೇಲಿದ್ದ ಅಂಕಿ, ತೂತಿನ ಆಳದ ಅಳತೆ, ಎಷ್ಟು ದಿನಗಳಿಂದ ಸಡಿಲವಾಗುತ್ತಿತ್ತು ಎಂಬ ವಿವರ ಜೊತೆಗಿರಲಿ. ಇವಿದ್ದರೆ ಅವರು ಬೋಲ್ಟು ಬದಲಿಸಬೇಕೋ, ಹೆಲಿಕಾಯಿಲ್ ಹಾಕಬೇಕೋ, ಕವಚವನ್ನೇ ಬಿಚ್ಚಿ ಲೇತಿಗೆ ಕಳಿಸಬೇಕೋ ಎಂಬುದನ್ನು ಎಂಜಿನ್ ಬಿಚ್ಚುವ ಮೊದಲೇ ಹೇಳಬಲ್ಲರು.